ಹಲ್ಲು ತುಂಬಿಸುವ ಮುನ್ನ ಎನಾಮೆಲ್‌ಗೆ ಲೇಸರ್

ಹುಳುಕು ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸಿದಾಗ ಅದು ಅಂಟಿ ನಿಲ್ಲಬೇಕಾದರೆ, ಎನಾಮೆಲ್ ಎಂಬ ಗಟ್ಟಿ ಮೇಲ್ಪದರವನ್ನು ಮೊದಲು ತರಿತರಿ ಮಾಡಬೇಕಾಗುತ್ತದೆ. ಇದಕ್ಕೆ ಫಾಸ್ಫಾರಿಕ್ ಆಮ್ಲ ಬಳಸುವ ವಿಧಾನವನ್ನು 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬುವೊನೊಕೋರ್ ಪ್ರಕಟಿಸಿದರು. ಈಗಲೂ ಹೆಚ್ಚಾಗಿ ಬಳಕೆಯಲ್ಲಿರುವುದು ಆಮ್ಲದ ಜೆಲ್ಲೇ.

ಇನ್ನೊಂದು ವಿಧಾನ ಎರ್ಬಿಯಂ ಲೇಸರ್. ಅಮೆರಿಕದಲ್ಲಿ 1997ರಲ್ಲಿ ಹಲ್ಲು ಕೊರೆಯಲು ಇದಕ್ಕೆ ಅನುಮತಿ ದೊರೆಯಿತು. ಎನಾಮೆಲ್‌ನಲ್ಲಿರುವ ನೀರಿನಂಶ ಕಿರಣವನ್ನು ಹೀರಿ ತಟ್ಟನೆ ಆವಿಯಾಗುತ್ತದೆ. ಆ ಒತ್ತಡಕ್ಕೆ ಪದರ ಕಣಕಣವಾಗಿ ಸಿಡಿದು ಒರಟಾಗುತ್ತದೆ. ಡ್ರಿಲ್‌ನ ಅದುರು ಇರುವುದಿಲ್ಲ. ಆದರೆ ಹಲ್ಲು ಬಿಸಿಯಾಗದಂತೆ ನೀರು ಚಿಮುಕಿಸುತ್ತಿರಬೇಕು. ವೈದ್ಯರು, ರೋಗಿ ಇಬ್ಬರೂ ರಕ್ಷಣಾ ಕನ್ನಡಕ ಧರಿಸಬೇಕು.

ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಮಕ್ಕಳು ಅಂಥ ನೀರು ಕುಡಿದರೆ ಹಲ್ಲಿನಲ್ಲಿ ಬಿಳಿ, ಕಂದು ಕಲೆಗಳು ಮೂಡುತ್ತವೆ. ಇದೇ ಫ್ಲೋರೋಸಿಸ್. ಈ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ; ಫಿಲ್ಲಿಂಗ್ ಬೇಗ ಬಿಟ್ಟುಕೊಳ್ಳಬಹುದು. ಲೇಸರ್ ಒಂದರಿಂದಲೇ ಅಂಟು ಗಟ್ಟಿಯಾಗುತ್ತದೆಂಬ ಭರವಸೆಯೂ ಇಲ್ಲ. ಲೇಸರ್ ಬಳಿಕ ಆಮ್ಲವನ್ನೂ ಹಚ್ಚುವುದುಂಟು.

ಆದ್ದರಿಂದ ನಾಟ್ರಾಂಪಾಳ್ಯ ಸುತ್ತಿನವರು ಹೊಸೂರು, ಬೆಂಗಳೂರಿಗೆ ಚಿಕಿತ್ಸೆಗೆ ಹೋದಾಗ ಚಿಕ್ಕಂದಿನಲ್ಲಿ ಕುಡಿದದ್ದು ಯಾವ ನೀರೆಂದು ವೈದ್ಯರಿಗೆ ತಿಳಿಸುವುದು ಒಳಿತು. ದುಬಾರಿಯಾದ ಲೇಸರ್ ಅಗತ್ಯವೇ ಎಂದೂ ಕೇಳಬಹುದು.

ಒಮ್ಮೆ ಬಂದ ಕಲೆ ತಾನಾಗಿ ಹೋಗದು. ಎರಡೂ ಜಿಲ್ಲೆಗಳಿಗೆ ಕಾವೇರಿ ನೀರು ಕೊಡುವ ಹೊಗೇನಕಲ್ ಯೋಜನೆ 2013ರಲ್ಲಿ ಉದ್ಘಾಟನೆಯಾಗಿದೆ. ಬೋರ್‌ವೆಲ್ ನೀರನ್ನೇ ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಆ ನೀರನ್ನು ಮಕ್ಕಳಿಗೆ ಕೊಡಬಾರದು.