ಅಪೀಲು ಯಾರ ಮುಂದೆ?

ಧಾರವಾಡ ಕಡೆಯ ನಮ್ಮ ಹಿರಿಯರು ಮುಂಬಯಿಗೆ ಬರುತ್ತಿದ್ದುದು ನೌಕರಿಗಾಗಿ ಮಾತ್ರವಲ್ಲ, ಅಪೀಲಿಗಾಗಿಯೂ ಹೌದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ 1956ರ ಅಕ್ಟೋಬರ್ ಕೊನೆಯವರೆಗೂ ಮುಂಬಯಿ ಹೈಕೋರ್ಟೇ ಹೈಕೋರ್ಟು. ಡೊಂಬಿವಲಿಯಿಂದ ಲೋಕಲ್ ಹಿಡಿದು ಫೋರ್ಟಿನ ಕಚೇರಿಗಳಿಗೆ ಓಡುವ ನಮಗೆ, 1878ರಲ್ಲಿ ಕಟ್ಟಿ ಮುಗಿಸಿದ ಆ ಕಲ್ಲಿನ ಕಟ್ಟಡ ಪರಿಚಿತವೇ. ಅಲ್ಲಿ ಯಾವ ಖಟ್ಲೆಯನ್ನು ಯಾವ ನ್ಯಾಯಮೂರ್ತಿ ಕೇಳಬೇಕೆಂದು ಗೊತ್ತುಮಾಡುವವರು ಯಾರು?

ನ್ಯಾಯಮೂರ್ತಿಗಳು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳುತ್ತಾರೆಂದು ನಾವೂ ತಿಳಿದಿದ್ದೆವು. ಹಾಗಲ್ಲ. ಯಾರು ಒಬ್ಬರೇ ಕೂರಬೇಕು, ಯಾರು ಜೊತೆಯಾಗಿ ಕೂರಬೇಕು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು 1861ರ ಹೈಕೋರ್ಟು ಕಾಯಿದೆಯೇ ಮುಖ್ಯ ನ್ಯಾಯಮೂರ್ತಿಗಳಿಗೆ ಕೊಟ್ಟಿತ್ತು. ನಮ್ಮ ಕಚೇರಿಯಲ್ಲೂ ಬಂದ ಟಪಾಲು ಯಾವ ಮೇಜಿಗೆಂದು ಮೇಲಧಿಕಾರಿ ಗುರುತು ಹಾಕದೆ ಯಾರೂ ಮುಟ್ಟುವಂತಿಲ್ಲ! ಈ ಅಧಿಕಾರ ಮುಖ್ಯ ನ್ಯಾಯಮೂರ್ತಿಗಳದೇ ಎಂದು ಸುಪ್ರೀಂ ಕೋರ್ಟು 1998ರಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲಿ ಖಚಿತಪಡಿಸಿತು. ಆದರೆ 2018ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪ್ರಕರಣಗಳ ಹಂಚಿಕೆಯ ಬಗ್ಗೆಯೇ ಪತ್ರಕರ್ತರ ಮುಂದೆ ಅಸಮಾಧಾನ ತೋಡಿಕೊಂಡರು. ಒಬ್ಬರ ಕೈಯ ಅಧಿಕಾರ ಎಷ್ಟು ದೊಡ್ಡದೆಂಬುದು ಆಗ ಜನಸಾಮಾನ್ಯರಿಗೂ ತಿಳಿಯಿತು.

ಹಾಗೆಂದು ನ್ಯಾಯಮೂರ್ತಿಗಳ ಕೈಯಲ್ಲಿ ಏನೂ ಇಲ್ಲವೆಂದಲ್ಲ. ತಮ್ಮ ಮುಂದೆ ಬಂದ ಎರಡನೆಯ ಅಪೀಲನ್ನು ಪೂರ್ತಿ ವಿಚಾರಣೆಗೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ‘ಅಡ್ಮಿಷನ್’ ದಿನ ಅವರೇ ನೋಡುತ್ತಾರೆ. ಎದುರು ಪಕ್ಷವನ್ನು ಕರೆಸದೆಯೇ ಅಪೀಲನ್ನು ವಜಾ ಮಾಡಬಹುದು. ನಮ್ಮ ಅಜ್ಜನವರ ಹೊಲದ ಬದುವಿನ ತಕರಾರು ಇಲ್ಲಿಯೇ ಮುಗಿಯಿತು. ಸಾಕ್ಷಿ ಸುಳ್ಳು ಹೇಳಿದ್ದಾನೆಂದು ಅವರು ವಕೀಲರಿಗೆ ಹೇಳಿದ್ದೇ ಹೇಳಿದ್ದಂತೆ. ಸಾಕ್ಷಿ ನಿಜವೋ ಸುಳ್ಳೋ ಎಂಬುದು ಕೆಳಗಿನ ಕೋರ್ಟಿನಲ್ಲೇ ತೀರಿತು, ಇಲ್ಲಿ ಕಾನೂನಿನ ಮಾತಿದ್ದರೆ ಮಾತ್ರ ಕೇಳುತ್ತಾರೆ ಎಂದು ವಕೀಲರು ತಿಳಿಹೇಳಿದರು. ಎತ್ತು ಮಾರಿ ತಂದ ದುಡ್ಡು, ಎರಡು ದಿನದ ಪ್ರಯಾಣ. ಕೋರ್ಟಿನೊಳಗೆ ಐದು ನಿಮಿಷವೂ ಹಿಡಿಯಲಿಲ್ಲ. 1976ರ ತಿದ್ದುಪಡಿ ಈ ಜರಡಿಯನ್ನು ಇನ್ನೂ ಸಣ್ಣದು ಮಾಡಿತು: ಈಗ ಮಹತ್ವದ ಕಾನೂನು ಪ್ರಶ್ನೆಯೇ ಇರಬೇಕು. ದಶಕಗಟ್ಟಲೆ ಬಾಕಿ ಬೀಳುವ ಅಪೀಲುಗಳನ್ನು ಕಂಡರೆ ಜರಡಿ ಬೇಡವೆನ್ನಲು ನಮಗೂ ಬಾಯಿ ಬರುವುದಿಲ್ಲ. ಆದರೂ ಅಜ್ಜನವರು ಕೊನೆಯವರೆಗೂ, ‘ನನ್ನ ಮಾತು ಯಾರೂ ಕೇಳಲಿಲ್ಲ’ ಎನ್ನುತ್ತಿದ್ದರು.

1956ರ ನವೆಂಬರ್ 1ರ ನಂತರ ನಮ್ಮ ಜಿಲ್ಲೆಗಳ ಅಪೀಲುಗಳು ಬೆಂಗಳೂರಿನ ಹಾದಿ ಹಿಡಿದವು. ಧಾರವಾಡಕ್ಕೆ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ನಮ್ಮೂರಿನಿಂದ ಈಗ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿ ಯಾರು ಕೂರಬೇಕೆಂಬುದನ್ನು ಮಾತ್ರ ಬೆಂಗಳೂರಿನಲ್ಲಿರುವ ಮುಖ್ಯ ನ್ಯಾಯಮೂರ್ತಿಗಳೇ ಗೊತ್ತುಮಾಡುತ್ತಾರೆ.