ನಿಪ್ಪೂರಿನ ಮಣ್ಣಿನ ಪಾಠಶಾಲೆ

ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಪ್ರಾಚೀನ ನಾಗರಿಕತೆಗಳ ಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರು ಸಾಮಾನ್ಯವಾಗಿ ನದಿಗಳಿಂದ ಪ್ರಾರಂಭಿಸಿ, ನದೀತೀರದ ನಗರಗಳಿಗೂ, ನಗರಗಳಿಂದ ಅರಸರಿಗೂ, ಅರಸರಿಂದ ಯುದ್ಧಗಳಿಗೂ ನಡೆಯುತ್ತಾರೆ. ಈ ಕ್ರಮದಲ್ಲಿ ದೋಷವಿದೆಯೆಂದು ನಾನು ಹೇಳಲಾರೆ. ಆದರೆ ಟೈಗ್ರಿಸ್ ಯೂಫ್ರಟೀಸ್ ನದಿಗಳ ನಡುವಣ ನಾಡಿನಲ್ಲಿ ಸುಮೇರಿಯನ್ನರೆಂಬ ಜನರು ವಾಸವಾಗಿದ್ದರೆಂದು ಕೇಳಿದ ಹನ್ನೆರಡು ವರ್ಷದ ಬಾಲಕನು ಆ ಮಾತನ್ನು ಪರೀಕ್ಷೆಯವರೆಗೆ ನೆನಪಿನಲ್ಲಿಟ್ಟುಕೊಂಡಾನಲ್ಲದೆ, ಆ ಜನರ ನಡುವೆ ತನ್ನ ವಯಸ್ಸಿನವನೊಬ್ಬನು ಬಾಳಿ ಬೆಳೆದನೆಂಬ ಭಾವನೆ ಅವನಲ್ಲಿ ಮೂಡುವುದು ಕಷ್ಟ. ಆ ಭಾವನೆಯನ್ನು ಮೂಡಿಸಬಲ್ಲ ಸಾಮಗ್ರಿ ಆ ನಾಡಿನ ಮಣ್ಣಿನಲ್ಲಿಯೇ ಹುದುಗಿತ್ತು. ಅಲ್ಲಿಯ ಶಾಲೆಗಳ ಮಕ್ಕಳು ತಿದ್ದಿದ ಅಭ್ಯಾಸದ ಬರಹಗಳು ಇಂದಿಗೂ ಸಾವಿರಗಟ್ಟಲೆ ಉಳಿದುಕೊಂಡಿವೆ. ಪಾಠವನ್ನು ಅರಮನೆಯಿಂದಲ್ಲ, ಆ ಶಾಲೆಯಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ದಕ್ಷಿಣ ಇರಾಕಿನಲ್ಲಿರುವ ನಿಪ್ಪೂರು ಎನ್‌ಲಿಲ್ ದೇವರ ಪುಣ್ಯಕ್ಷೇತ್ರವಾಗಿತ್ತು. 1951–52ರಲ್ಲಿ ಅಮೆರಿಕದ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದಾಗ ಹಸಿ ಇಟ್ಟಿಗೆಯ ಒಂದು ಪುಟ್ಟ ಮನೆ ಹೊರಬಿದ್ದಿತು. ಈಗ ಅದಕ್ಕೆ ‘ಎಫ್ ಮನೆ’ ಎಂಬ ನೀರಸವಾದ ಹೆಸರುಂಟು. ಹೊರನೋಟಕ್ಕೆ ನೆರೆಯ ಮನೆಗಳಿಗಿಂತ ಯಾವ ವಿಧದಲ್ಲಿಯೂ ಭಿನ್ನವಲ್ಲದ ಆ ಮನೆಯಲ್ಲಿ, ಕ್ರಿ. ಪೂ. 1740ರ ಸುಮಾರಿನಲ್ಲಿ, ಎಂದರೆ ಹಮ್ಮುರಾಬಿಯ ಮಗನಾದ ಸಂಸುಇಲುನನು ಆಳುತ್ತಿದ್ದ ಕಾಲದಲ್ಲಿ, ಒಂದು ಪಾಠಶಾಲೆ ನಡೆಯುತ್ತಿತ್ತು. ಅಲ್ಲಿ ದೊರೆತ ಮಣ್ಣಿನ ಫಲಕಗಳೂ ಚೂರುಗಳೂ ಸುಮಾರು 1,400. ಅವುಗಳಲ್ಲಿ ಅನೇಕವು ಜೋಪಾನವಾಗಿ ಇಟ್ಟವಲ್ಲ. ಓದಿ ಮುಗಿಸಿ ಬಿಸುಟವು, ನೆಲವನ್ನು ಸಮಮಾಡಲು, ಗೋಡೆಯನ್ನೂ ಜಗಲಿಯನ್ನೂ ಕಟ್ಟಲು ಇಟ್ಟಿಗೆಯ ಬದಲಾಗಿ ಉಪಯೋಗಿಸಿದವು. ಹಳೆಯ ಫಲಕಗಳನ್ನು ನೆನೆಸಿ ಮತ್ತೆ ಹೊಸ ಫಲಕಗಳನ್ನು ಮಾಡುವುದಕ್ಕೆಂದು ಇದ್ದ ತೊಟ್ಟಿಯೂ ಅಲ್ಲಿ ಸಿಕ್ಕಿದೆ. ಅದರಲ್ಲಿ ಹಸಿಮಣ್ಣಿನೊಡನೆ ಮಕ್ಕಳ ಬರಹದ ಚೂರುಗಳು ಬೆರೆತು ಹಾಗೆಯೇ ಉಳಿದಿದ್ದುವು.

ಆ ಮಕ್ಕಳು ಏನನ್ನು ಕಲಿಯುತ್ತಿದ್ದರೆಂಬುದನ್ನು ಈ ಫಲಕಗಳಿಂದ ಮೆಟ್ಟಿಲು ಮೆಟ್ಟಿಲಾಗಿ ತಿಳಿಯಬಹುದಾಗಿದೆ. ಮೊದಲಲ್ಲಿ ಜೊಂಡಿನ ಕಡ್ಡಿಯನ್ನು ಹಿಡಿದು, ನಿಲುವಾದ, ಅಡ್ಡವಾದ, ಓರೆಯಾದ ಬೆಣೆಗಳನ್ನು ಸಾಲುಸಾಲಾಗಿ ಒತ್ತುವುದು. ಅನಂತರ ತು-ತ-ತಿ, ನು-ನ-ನಿ, ಬು-ಬ-ಬಿ ಎಂದು ಸ್ವರಭೇದಗಳನ್ನು ಕ್ರಮವಾಗಿ ಬರೆಯುವುದು. ಕಾಗುಣಿತವನ್ನು ಬಾಯಿಪಾಠ ಮಾಡಿದ ನಮ್ಮ ಮಕ್ಕಳಿಗೆ ಈ ಪಾಠದ ಸ್ವರೂಪವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಬಳಿಕ ಮನುಷ್ಯರ ಹೆಸರುಗಳು. ಅವುಗಳ ಮೇಲೆ ಮರಗಳು, ಮರದ ಉಪಕರಣಗಳು, ಜೊಂಡು, ಮಡಕೆ, ಚರ್ಮ, ಲೋಹ, ಪ್ರಾಣಿ, ಶಿಲೆ, ಸಸ್ಯ, ಮೀನು, ಪಕ್ಷಿ, ವಸ್ತ್ರ, ಊರು, ಆಹಾರ ಎಂದು ವರ್ಗವರ್ಗವಾಗಿ ಜೋಡಿಸಿದ ಸುಮಾರು 3,000 ಪದಗಳ ಮಾಲೆ. ವನೌಷಧಿವರ್ಗ, ಸಿಂಹಾದಿವರ್ಗಗಳೆಂದು ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದ ನಮ್ಮ ಹಿಂದಿನವರು ಇದನ್ನು ಕಂಡಿದ್ದರೆ ಪರಿಚಿತವಾದುದನ್ನೇ ಕಂಡೆವೆನ್ನುತ್ತಿದ್ದರು. ಅಲ್ಲಿಂದ ಮುಂದೆ ಮಗ್ಗಿ, ತೂಕ ಅಳತೆಗಳ ಕೋಷ್ಟಕ, ಕ್ರಯಪತ್ರಗಳ ಮಾದರಿ, ಗಾದೆಗಳು. ಕಡೆಯಲ್ಲಿ ಸ್ತೋತ್ರಗಳೂ ವೀರಕಥೆಗಳೂ.

ಬೋಧನಕ್ರಮವೂ ಮಣ್ಣಿನ ಮೇಲೆ ಅಚ್ಚೊತ್ತಿ ನಿಂತಿದೆ. ಒಂದು ಬಗೆಯ ಫಲಕದಲ್ಲಿ ಎಡಭಾಗದಲ್ಲಿ ಗುರುವು ಅಂದವಾಗಿ ಬರೆದ ಮೇಲ್ಪಂಕ್ತಿಯಿದ್ದರೆ, ಬಲಭಾಗದಲ್ಲಿ ಶಿಷ್ಯನು ಅದನ್ನು ನೋಡಿ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ, ಆ ಭಾಗವು ಸವೆದು ತೆಳುವಾಗಿರುತ್ತದೆ; ಅದೇ ಫಲಕದ ಹಿಂಬದಿಯಲ್ಲಿ ಹಿಂದೆ ಕಲಿತ ಪಾಠವನ್ನು ನೆನಪಿನಿಂದ ಒಪ್ಪಿಸಿ ಬರೆದಿರುವುದುಂಟು. ನಿಪ್ಪೂರಿನ ಶಾಲಾಫಲಕವೊಂದರ ಮೇಲೆ ಹಲ್ಲಿನ ಗುರುತುಗಳಿವೆ. ಪರೀಕ್ಷಿಸಿದವರು ಅವು ಹನ್ನೆರಡು ಹದಿಮೂರು ವರ್ಷದ ಮಗುವಿನ ಹಲ್ಲುಗಳೆಂದು ನಿರ್ಣಯಿಸಿದ್ದಾರೆ. ಬೇಸರದಿಂದಲೋ ಕೋಪದಿಂದಲೋ ತನ್ನ ಪಾಠವನ್ನೇ ಕಚ್ಚಿದ ಆ ಮಗುವಿನ ವಯಸ್ಸು ನಮ್ಮ ಏಳನೆಯ ತರಗತಿಯ ವಿದ್ಯಾರ್ಥಿಯ ವಯಸ್ಸೇ ಆಗಿದೆಯೆಂಬುದನ್ನು ತರಗತಿಯಲ್ಲಿ ಹೇಳಿ ನೋಡಬೇಕು. ಹಮ್ಮುರಾಬಿಯ ಪೂರ್ಣ ವಂಶಾವಳಿಯೂ ಮಾಡಲಾರದ ಕೆಲಸವನ್ನು ಅದೊಂದು ಫಲಕ ಮಾಡೀತು.

ಈ ಶಾಲೆಗಳ ದಿನಚರಿಯನ್ನು ವರ್ಣಿಸುವ ಸುಮೇರಿಯನ್ ರಚನೆಯೊಂದನ್ನು, ಬೇರೆಬೇರೆ ವಸ್ತುಸಂಗ್ರಹಾಲಯಗಳಲ್ಲಿ ಚದುರಿಹೋಗಿದ್ದ ಪ್ರತಿಗಳಿಂದ ಜೋಡಿಸಿ, ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಎಂಬ ವಿದ್ವಾಂಸರು 1949ರಲ್ಲಿ ಪ್ರಕಟಿಸಿದರು. ಬೆಳಗಾಗೆದ್ದು ತಾಯಿಯಿಂದ ಬುತ್ತಿಯನ್ನು ಪಡೆದು ಶಾಲೆಗೆ ಓಡುವ ಬಾಲಕನು ಅಲ್ಲಿ ತಡವಾಗಿ ಬಂದುದಕ್ಕೆ, ಮಾತನಾಡಿದುದಕ್ಕೆ, ಎದ್ದು ನಿಂತುದಕ್ಕೆ, ಬರಹ ಕೆಟ್ಟುದಕ್ಕೆ, ಸುಮೇರಿಯನ್ ನುಡಿಯನ್ನು ಆಡದಿದ್ದುದಕ್ಕೆ ಒಂದಾದಮೇಲೊಂದರಂತೆ ಏಟು ತಿನ್ನುತ್ತಾನೆ. ಕಡೆಗೆ ಅವನ ಬಿನ್ನಹದಂತೆ ತಂದೆಯು ಗುರುವನ್ನು ಮನೆಗೆ ಕರೆದು, ಊಟವಿಕ್ಕಿ, ಹೊಸ ಬಟ್ಟೆಯನ್ನು ಉಡಿಸಿ, ಕೈಗೆ ಉಂಗುರವನ್ನು ತೊಡಿಸಲು, ಗುರುವು ಪ್ರಸನ್ನನಾಗಿ ಬಾಲಕನನ್ನು ಹರಸುತ್ತಾನೆ. ಮಕ್ಕಳಿಗೆ ಈ ಕಥೆ ಪ್ರಿಯವಾಗುವುದರಲ್ಲಿ ಸಂದೇಹವಿಲ್ಲ. ಆದರೆ ಇದು ಯಾವುದೋ ಬಾಲಕನ ದಿನಚರಿಯ ಪುಸ್ತಕವಲ್ಲವೆಂಬುದನ್ನೂ, ನುರಿತ ಉಪಾಧ್ಯಾಯರೇ ಮಕ್ಕಳು ನಕಲು ಮಾಡಲೆಂದು ಸ್ವಲ್ಪ ವಿನೋದವನ್ನು ಬೆರೆಸಿ ರಚಿಸಿದ ಪಾಠವೆಂಬುದನ್ನೂ ಒಡನೆಯೇ ಹೇಳಬೇಕು. ಯಾರು ಬರೆದರು, ಯಾರಿಗಾಗಿ ಬರೆದರು ಎಂಬ ಪ್ರಶ್ನೆಯನ್ನು ಕೇಳಲು ಕಲಿತ ವಿದ್ಯಾರ್ಥಿಯು ಚರಿತ್ರೆಯ ಹೊಸ್ತಿಲನ್ನು ದಾಟಿದವನು.

ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬ ಸತ್ಯವನ್ನೂ ಮರೆಮಾಚಬಾರದು. ಕ್ರಿ. ಪೂ. 2000ದ ಸುಮಾರಿನ ದಾಖಲೆಗಳಲ್ಲಿ ತಂದೆಯ ಹೆಸರು ವೃತ್ತಿಗಳನ್ನು ಸೂಚಿಸಿರುವ ಲಿಪಿಕಾರರನ್ನು ನಿಕೊಲಾಸ್ ಷ್ನೈಡರ್ ಎಂಬವರು 1946ರಲ್ಲಿ ಪಟ್ಟಿಮಾಡಿದಾಗ, ಅವರ ತಂದೆಯರು ಪ್ರಾಂತಾಧಿಕಾರಿಗಳು, ದೇವಾಲಯದ ಆಡಳಿತಗಾರರು, ಸೇನಾನಾಯಕರು ಮೊದಲಾದ ಸ್ಥಿತಿವಂತರೆಂಬುದು ಕಂಡುಬಂದಿತು. ಸಿಪ್ಪಾರ್ ನಗರದಲ್ಲಿ ಮಹಿಳಾ ಲಿಪಿಕಾರರು ಇದ್ದುದುಂಟು. ಆದರೂ ಒಕ್ಕಲಿಗನ ಮಗನೂ ಮಗಳೂ ಬಹುಮಟ್ಟಿಗೆ ಆ ವಿದ್ಯೆಯ ಹೊರಗೇ ಉಳಿದರು.

ಇಲ್ಲಿ ನನ್ನನ್ನು ಅತ್ಯಂತ ವಿಸ್ಮಯಗೊಳಿಸುವ ಸಂಗತಿಯೊಂದಿದೆ. ಎಫ್ ಮನೆಯ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಅಕ್ಕಾಡಿಯನ್ ನುಡಿ. ಸುಮೇರಿಯನ್ ಆ ವೇಳೆಗೆ ಜನರ ನಾಲಗೆಯಿಂದ ಮರೆಯಾಗಿ ಶಾಲೆ ಗುಡಿಗಳಲ್ಲಿ ಮಾತ್ರ ಉಳಿದಿದ್ದ ಶಾಸ್ತ್ರಭಾಷೆ. ಆ ಮಕ್ಕಳು ಕಷ್ಟಪಟ್ಟು ನಕಲುಮಾಡಿದ ಪಾಠಗಳೇ ಇಂದು ನಮಗೆ ದೊರೆತಿರುವ ಸುಮೇರಿಯನ್ ಸಾಹಿತ್ಯದ ಬಹುಭಾಗಕ್ಕೆ ಆಧಾರವಾಗಿವೆ. ಗಿಲ್ಗಮೇಶನ ಸುಮೇರಿಯನ್ ಕಥೆಗಳನ್ನೂ ಇನಾನ್ನ ದೇವಿಯ ಸ್ತುತಿಗಳನ್ನೂ ಪಂಡಿತರು ಓದುವಾಗ, ಅವರು ಬಹುತೇಕ ಓದುತ್ತಿರುವುದು ವಿದ್ಯಾರ್ಥಿಗಳ ಕೈಬರಹವನ್ನು, ಅದರ ತಪ್ಪುಒಪ್ಪುಗಳೊಡನೆ. ಕೆಲವೇ ದಶಕಗಳಲ್ಲಿ ನಿಪ್ಪೂರು ಬಹುಮಟ್ಟಿಗೆ ನಿರ್ಜನವಾಯಿತು. ತುಂಡಾದ ಫಲಕಗಳು ಮಾತ್ರ ನೆಲದಡಿಯಲ್ಲಿ ಉಳಿದುವು.

ತರಗತಿಯಲ್ಲಿ ಇದನ್ನು ಬೋಧಿಸಲು ದುಬಾರಿಯ ಉಪಕರಣಗಳು ಬೇಕಾಗಿಲ್ಲ. ಕೆರೆಯ ಜೇಡಿಮಣ್ಣನ್ನು ತರಿಸಿ, ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಬಿಲ್ಲೆಗಳನ್ನು ಮಾಡಿಸಿ, ತುದಿಯನ್ನು ಕೋನವಾಗಿ ಕೊಯ್ದ ಕಡ್ಡಿಯನ್ನು ಮಕ್ಕಳ ಕೈಗೆ ಕೊಟ್ಟರೆ ಸಾಕು. ಬೆಣೆಯೊಂದು ಒಂದು, ಓರೆಯ ಗುರುತು ಹತ್ತು, ಅರವತ್ತಾದರೆ ಮತ್ತೆ ಎಡಕ್ಕೊಂದು ಬೆಣೆ ಎಂಬ ಅವರ ಎಣಿಕೆಯನ್ನು ಒಂದು ಗಂಟೆಯಲ್ಲಿ ಕಲಿಸಬಹುದು. ಅದಾದ ಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿರುವ 7289ನೆಯ ಸಂಖ್ಯೆಯ ದುಂಡುಫಲಕದ ಚಿತ್ರವನ್ನು ತೋರಿಸಬೇಕು. ಶಾಲಾಬಾಲಕನೊಬ್ಬನದೇ ಇರಬಹುದಾದ ಆ ಫಲಕದ ಮೇಲೆ ಒಂದು ಚೌಕ, ಅದರ ಎರಡು ಕರ್ಣಗಳು, ಬದಿಯಲ್ಲಿ 30, ಕರ್ಣದ ಮೇಲೆ 1, 24, 51, 10, ಕೆಳಗೆ 42, 25, 35 ಎಂಬ ಅಂಕಗಳಿವೆ. ಒಂದಕ್ಕೆ 24ನ್ನು 60ರಿಂದಲೂ, 51ನ್ನು 3,600ರಿಂದಲೂ, 10ನ್ನು 2,16,000ದಿಂದಲೂ ಭಾಗಿಸಿ ಕೂಡಿಸಿದ ಮಕ್ಕಳಿಗೆ 1.41421 ಎಂಬ ಎರಡರ ವರ್ಗಮೂಲ ದೊರೆಯುತ್ತದೆ. ಅದನ್ನು 30ರಿಂದ ಗುಣಿಸಿ, ಬಂದುದನ್ನು ಮತ್ತೆ ಅರವತ್ತರ ಲೆಕ್ಕಕ್ಕೆ ತಿರುಗಿಸಿದರೆ, ಫಲಕದ ಕೆಳಸಾಲಿನ 42, 25, 35 ಅವರ ಕೈಯಲ್ಲಿಯೇ ಬರುತ್ತದೆ.