ಕೆನಡಿ ಸ್ಕೂಲ್ (ಹಾರ್ವರ್ಡ್)

ಅಮೆರಿಕದ ಕೇಂಬ್ರಿಜ್ ನಗರದಲ್ಲಿರುವ, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಾರ್ವಜನಿಕ ನೀತಿ ಶಾಲೆ. ಕೈಗವಸು ತಯಾರಿಕೆಯಿಂದ ಸಿರಿವಂತರಾದ, ಅಮೆರಿಕದ ಸಂಸತ್ತಿನ ಸದಸ್ಯರೂ ಆಗಿದ್ದ ಲೂಷಿಯಸ್ ಲಿಟಾವರ್ ಕೊಟ್ಟ 20 ಲಕ್ಷ ಡಾಲರ್ ದತ್ತಿಯಿಂದ 1936ರಲ್ಲಿ ಸ್ಥಾಪನೆಯಾಯಿತು. ಮೊದಮೊದಲು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಪಾಠ ಹೇಳುವವರೂ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ವಿಭಾಗಗಳಿಂದ ಬರುತ್ತಿದ್ದರು. 1966ರಲ್ಲಿ ಜಾನ್ ಎಫ್. ಕೆನಡಿ ಅವರ ಹೆಸರಿಡಲಾಯಿತು.

ಶಾಲೆಯ ನಿಜವಾದ ತಿರುವು ಹೆಸರಿನದಲ್ಲ, ಪಠ್ಯಕ್ರಮದ್ದು. 1960ರ ದಶಕದ ಕೊನೆಗೆ ರಿಚರ್ಡ್ ನ್ಯೂಸ್ಟಾಟ್, ಥಾಮಸ್ ಶೆಲ್ಲಿಂಗ್, ಹೊವರ್ಡ್ ರೈಫಾ ಮೊದಲಾದವರು ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಮತ್ತು ರಾಜಕೀಯ ವಿಶ್ಲೇಷಣೆಗಳನ್ನು ಹೆಣೆದು ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ರೂಪಿಸಿದರು. ಆಡಳಿತವೆಂದರೆ ಕಡತ ನಿಭಾಯಿಸುವುದಷ್ಟೇ ಅಲ್ಲ, ಒಂದು ನಿರ್ಧಾರದ ಫಲವನ್ನು ಮೊದಲೇ ಅಳೆದು ನೋಡುವ ವಿದ್ಯೆ ಎಂಬ ನಿಲುವು ಇಲ್ಲಿ ಗಟ್ಟಿಯಾಯಿತು. ಗ್ರಹಾಂ ಆಲಿಸನ್ ಡೀನ್ ಆಗಿದ್ದ ಅವಧಿಯಲ್ಲಿ (1977–89) ಕಟ್ಟಡ, ಅಧ್ಯಾಪಕ ವರ್ಗ, ದಾಖಲಾತಿ ಎಲ್ಲವೂ ಬೆಳೆದವು. ಮುಂದೆ ಪದವಿ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 1,000ಕ್ಕೆ ಮುಟ್ಟಿತು; ಅವರಲ್ಲಿ ಬಹಳಷ್ಟು ಮಂದಿ ಹೊರದೇಶದವರು.

ಹಳೆಯ ವಿದ್ಯಾರ್ಥಿಗಳಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಬಾನ್ ಕಿ ಮೂನ್, ಸಿಂಗಪುರದ ಪ್ರಧಾನಿಯಾಗಿದ್ದ ಲೀ ಸೀನ್ ಲೂಂಗ್, ಕೊಲಂಬಿಯಾದ ಅಧ್ಯಕ್ಷರಾಗಿದ್ದು 2016ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಹುವಾನ್ ಮಾನುಯೆಲ್ ಸಾಂಟೋಸ್ ಇದ್ದಾರೆ. ಇವರೆಲ್ಲರಿಗಿಂತ ಕಠಿಣ ಹಾದಿ ತುಳಿದವರು ಎಲೆನ್ ಜಾನ್ಸನ್ ಸರ್ಲೀಫ್. 1971ರಲ್ಲಿ ಇಲ್ಲಿ ಪದವಿ ಪಡೆದ ಅವರು ಸೆರೆವಾಸ, ದೇಶಭ್ರಷ್ಟತೆಗಳನ್ನು ಕಂಡು, 2006ರಲ್ಲಿ ಅಂತರ್ಯುದ್ಧದಿಂದ ಜರ್ಜರಿತವಾದ ಲೈಬೀರಿಯಾದ ಅಧ್ಯಕ್ಷೆಯಾದರು. ಆಫ್ರಿಕಾದಲ್ಲಿ ಚುನಾವಣೆಯಿಂದ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. 2011ರಲ್ಲಿ ಅವರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತು.